ಲ್ಯಾಪ್‌ಟಾಪ್‌ನಲ್ಲೇ ಆರೋಗ್ಯ ದತ್ತಾಂಶ ಸರ್ವರ್: ಸ್ಥಾಪಿಸುವುದು ಹೇಗೆ? ಎಚ್ಚರ ತಪ್ಪಬಾರದ ಅಂಶಗಳೇನು?

ಆಸ್ಪತ್ರೆ ಅಥವಾ ಕ್ಲಿನಿಕ್‌ಗಾಗಿ ಆ್ಯಪ್ ರೂಪಿಸುವ ಡೆವಲಪರ್‌ಗಳಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ: ಪರೀಕ್ಷಿಸಿ ನೋಡಲು ರೋಗಿಗಳ ಮಾಹಿತಿ ಎಲ್ಲಿಂದ ತರುವುದು? ನಿಜವಾದ ರೋಗಿಗಳ ದಾಖಲೆಗಳನ್ನೇ ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಳ್ಳುವುದು ಸುಲಭ, ಆದರೆ ಅಪಾಯಕಾರಿ. ಇದಕ್ಕೆ ಪರ್ಯಾಯವಾಗಿ ಉಚಿತ ಸರ್ವರ್ ಮತ್ತು ಕೃತಕ ದತ್ತಾಂಶ ಎರಡೂ ಲಭ್ಯ ಇವೆ.

ಏನಿದು 'ಫೈರ್'?

ಆರೋಗ್ಯ ಮಾಹಿತಿಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕಳುಹಿಸಲು ಎಚ್‌ಎಲ್‌7 ಸಂಸ್ಥೆ ರೂಪಿಸಿದ ಮಾನದಂಡವೇ ಎಫ್‌ಎಚ್‌ಐಆರ್. ಇದನ್ನು 'ಫೈರ್' ಎಂದು ಉಚ್ಚರಿಸಲಾಗುತ್ತದೆ. ಇದರಲ್ಲಿ ರೋಗಿ, ವೈದ್ಯರ ಭೇಟಿ, ಲ್ಯಾಬ್ ಫಲಿತಾಂಶ, ಔಷಧ ಚೀಟಿ ಹೀಗೆ ಪ್ರತಿಯೊಂದಕ್ಕೂ ನಿಗದಿತ ನಮೂನೆ ಇರುತ್ತದೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೂಡ ಇದರ ಆರ್‌4 ಆವೃತ್ತಿಯನ್ನೇ ಬಳಸುತ್ತದೆ. 14 ಅಂಕಿಗಳ 'ಆಭಾ' ಸಂಖ್ಯೆಗೆ ಜೋಡಣೆಯಾಗುವ ದಾಖಲೆಗಳು ಈ ನಮೂನೆಯಲ್ಲೇ ವಿನಿಮಯವಾಗುತ್ತವೆ.

ಸ್ಥಾಪನೆ ಹೇಗೆ?

* ಜಾವಾದಲ್ಲಿ ಬರೆದ ಮುಕ್ತ ತಂತ್ರಾಂಶ 'ಹ್ಯಾಪಿ ಫೈರ್' ಹೆಚ್ಚು ಬಳಕೆಯಲ್ಲಿದೆ. ಕಂಪ್ಯೂಟರ್‌ನಲ್ಲಿ ಡಾಕರ್ ಇದ್ದರೆ ಇದರ ಸಿದ್ಧ ಇಮೇಜ್ ಇಳಿಸಿಕೊಂಡು 8080 ಪೋರ್ಟ್‌ನಲ್ಲಿ ಚಾಲನೆ ಮಾಡಿದರೆ ಸಾಕು.
* ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8080 ತೆರೆದಾಗ ಪರೀಕ್ಷಾ ಪುಟ ಕಾಣಿಸಿದರೆ ಸರ್ವರ್ ಸಿದ್ಧ ಎಂದರ್ಥ.
* ಮೊದಲು ರೋಗಿಯ ದಾಖಲೆ, ನಂತರ ಆ ರೋಗಿಯ ಲ್ಯಾಬ್ ಫಲಿತಾಂಶ ಸೇರಿಸಿ. ಇಲ್ಲದ ರೋಗಿಯನ್ನು ಉಲ್ಲೇಖಿಸಿದರೆ ಸರ್ವರ್ ಸಾಮಾನ್ಯವಾಗಿ ದಾಖಲೆಯನ್ನು ತಿರಸ್ಕರಿಸುತ್ತದೆ.
* ಕಂಟೇನರ್ ಅಳಿಸಿದರೆ ಒಳಗಿನ ದಾಖಲೆಗಳೂ ಹೋಗುತ್ತವೆ. ಉಳಿಯಬೇಕೆಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜೋಡಿಸಿ.

ಕೃತಕ ರೋಗಿಗಳು

ಅಮೆರಿಕದ ಮೈಟರ್ ಸಂಸ್ಥೆ ಆರಂಭಿಸಿದ 'ಸಿಂಥಿಯಾ' ಎಂಬ ಉಚಿತ ತಂತ್ರಾಂಶ, ಇಲ್ಲದ ರೋಗಿಗಳ ಇಡೀ ವೈದ್ಯಕೀಯ ಇತಿಹಾಸವನ್ನೇ ಸೃಷ್ಟಿಸುತ್ತದೆ. ಆಸ್ಪತ್ರೆ ಮತ್ತು ವೈದ್ಯರ ಫೈಲ್‌ಗಳನ್ನು ಮೊದಲು, ರೋಗಿಗಳ ಫೈಲ್‌ಗಳನ್ನು ಬಳಿಕ ಹಾಕಬೇಕು. ಆದರೆ ಇದರ ಹೆಸರು, ವಿಳಾಸಗಳು ಅಮೆರಿಕದವು. ಒಂದೇ ಹೆಸರಿನ ರೋಗಿಗಳು, ಇನಿಷಿಯಲ್ ಇರುವ ಹೆಸರುಗಳು, ಕನ್ನಡ ಲಿಪಿಯ ಹೆಸರುಗಳು ನಮ್ಮಲ್ಲಿ ಸಾಮಾನ್ಯ. ಅಂಥ ಕೆಲವು ಕಾಲ್ಪನಿಕ ದಾಖಲೆಗಳನ್ನು ನೀವೇ ಸೇರಿಸಿ ಪರೀಕ್ಷಿಸಿ.

ಮರೆಯಬಾರದ ಎಚ್ಚರಿಕೆ

ಈ ಸರ್ವರ್ ಮೊದಲ ಸ್ಥಿತಿಯಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಡಾಕರ್‌ನಲ್ಲಿ ಬರೀ ಪೋರ್ಟ್ ಸಂಖ್ಯೆ ಕೊಟ್ಟರೆ ಅದೇ ವೈಫೈನಲ್ಲಿರುವ ಇತರರಿಗೂ ದಾಖಲೆಗಳು ಕಾಣಿಸಬಹುದು. ಹಾಗಾಗಿ ಪೋರ್ಟ್‌ನ ಮುಂದೆ 127.0.0.1 ವಿಳಾಸ ನಮೂದಿಸಿ. ಆಗ ನಿಮ್ಮ ಯಂತ್ರದಿಂದ ಮಾತ್ರ ಸರ್ವರ್ ತೆರೆಯಲು ಸಾಧ್ಯ. ಸಾರ್ವಜನಿಕ ಪರೀಕ್ಷಾ ಸರ್ವರ್‌ಗಳಿಗೆ ಹಾಕಿದ್ದನ್ನು ಯಾರು ಬೇಕಾದರೂ ಓದಬಹುದು ಎಂಬುದೂ ನೆನಪಿರಲಿ.

ವೈಯಕ್ತಿಕ ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ದಂಡದ ಮಾತು ಹಾಗಿರಲಿ, ಸೋರಿಕೆಯಾದ ಪಾಸ್‌ವರ್ಡ್ ಬದಲಿಸಬಹುದು, ಒಬ್ಬರ ಕಾಯಿಲೆಯ ಗುಟ್ಟು ಹೊರಬಿದ್ದರೆ ಹಿಂಪಡೆಯಲಾಗದು.