32 ಬೈಟ್‌ಗಳಲ್ಲಿ ಆಟ: ಡಿವಿಡಿ ಪ್ಲೇಯರಿನ ಮರೆತುಹೋದ ಇತಿಹಾಸ

ನಿಮ್ಮ ಮನೆಯ ಅಟ್ಟದಲ್ಲೋ ಶಾಲೆಯ ಬೀರುವಿನಲ್ಲೋ ಹಳೆಯ ಡಿವಿಡಿ ಪ್ಲೇಯರ್ ಒಂದು ಇರಬಹುದು. ಸಿನಿಮಾ ನೋಡಲೆಂದು ಕೊಂಡ ಆ ಪೆಟ್ಟಿಗೆ ಆಟವನ್ನೂ ಆಡಿಸಬಲ್ಲದು ಎಂಬುದು ನಿಮಗೆ ಗೊತ್ತಿತ್ತೆ? ಕೀಲಿಮಣೆ ಬೇಡ, ಜಾಯ್‌ಸ್ಟಿಕ್ ಬೇಡ. ಕೈಯಲ್ಲಿ ರಿಮೋಟ್ ಇದ್ದರೆ ಸಾಕು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನೋಡೋಣ.

ಕತೆ ಆರಂಭವಾಗುವುದು 1983ರಲ್ಲಿ, ಅಮೆರಿಕದ ನಾಣ್ಯ ಹಾಕಿ ಆಡುವ ಆಟದ ಅಂಗಡಿಗಳಲ್ಲಿ. ರಿಕ್ ಡೈಯರ್ ರೂಪಿಸಿದ, ಡಾನ್ ಬ್ಲೂತ್ ಅವರ ತಂಡ ಚಿತ್ರಿಸಿದ ‘ಡ್ರ್ಯಾಗನ್ಸ್ ಲೇರ್’ ಎಂಬ ಆಟ ಅಲ್ಲಿಗೆ ಬಂತು. ಉಳಿದ ಆಟಗಳು ಚುಕ್ಕಿ ಚೌಕಗಳಲ್ಲೇ ಇದ್ದಾಗ ಇದರಲ್ಲಿ ಸಿನಿಮಾದಂಥ ಕಾರ್ಟೂನ್ ಚಿತ್ರವಿತ್ತು. ಒಂದು ಲೇಸರ್ ಡಿಸ್ಕ್‌ನಲ್ಲಿ ಸುಮಾರು 22 ನಿಮಿಷಗಳ ಚಿತ್ರ. ಜೊತೆಗೆ ಜೆಡ್-80 ಸಂಸ್ಕಾರಕವಿದ್ದ ಪುಟ್ಟ ಗಣಕ. ಆಟಗಾರ ಜಾಯ್‌ಸ್ಟಿಕ್ಕನ್ನು ಸರಿಯಾದ ಕ್ಷಣದಲ್ಲಿ ಸರಿಯಾದ ಕಡೆಗೆ ತಳ್ಳಿದರೆ ಗಣಕವು ಡಿಸ್ಕ್‌ನ ಮುಂದಿನ ದೃಶ್ಯಕ್ಕೆ ಹಾರಲು ಹೇಳುತ್ತಿತ್ತು. ತಪ್ಪಿದರೆ ಕಥಾನಾಯಕ ಸಾಯುವ ದೃಶ್ಯಕ್ಕೆ. ಅಂದರೆ ಗಣಕ ಏನನ್ನೂ ಚಿತ್ರಿಸುತ್ತಿರಲಿಲ್ಲ, ಆಯ್ಕೆ ಮಾತ್ರ ಮಾಡುತ್ತಿತ್ತು.

ಅನಂತರ ಡಿವಿಡಿ ಬಂತು. ಪೈಪೋಟಿಯಲ್ಲಿದ್ದ ಕಂಪನಿಗಳು 1995ರಲ್ಲಿ ಒಂದೇ ಮಾನಕಕ್ಕೆ ಒಪ್ಪಿದವು. 1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್‌ಗಳು ಮಾರಾಟಕ್ಕೆ ಬಂದವು. ಸಿಡಿಗೆ 780 ನ್ಯಾನೊಮೀಟರ್ ಅಲೆಯುದ್ದದ ಲೇಸರ್ ಬಳಸುತ್ತಿದ್ದರೆ ಡಿವಿಡಿಗೆ 650 ನ್ಯಾನೊಮೀಟರ್. ಅಲೆಯುದ್ದ ಕಡಿಮೆಯಾದಷ್ಟೂ ಬೆಳಕನ್ನು ಚಿಕ್ಕ ಚುಕ್ಕೆಯಾಗಿ ಕೇಂದ್ರೀಕರಿಸಬಹುದಷ್ಟೆ? ಮಸೂರವನ್ನೂ ಸುಧಾರಿಸಿದ್ದರಿಂದ ಸುರುಳಿ ಜಾಡಿನ ಸುತ್ತುಗಳ ನಡುವಿನ ಅಂತರ 1.6ರಿಂದ 0.74 ಮೈಕ್ರೊಮೀಟರಿಗೆ ಇಳಿಯಿತು. ಒಂದು ಪದರದಲ್ಲಿ 4.7 ಶತಕೋಟಿ ಬೈಟ್ ಹಿಡಿಸಿತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಮಾನಕದ ಒಳಗಿತ್ತು. ಯಾವ ಕಂಪನಿಯ ಪ್ಲೇಯರ್ ಆದರೂ ಅದು ಒಂದು ಕಾಲ್ಪನಿಕ ಗಣಕದಂತೆ ವರ್ತಿಸಬೇಕೆಂದು ಮಾನಕ ವಿಧಿಸಿತ್ತು. ಮೆನು ತೋರಿಸುವುದಕ್ಕೆ, ಭಾಷೆ ಆಯ್ಕೆ ಮಾಡುವುದಕ್ಕೆ ಇದು ಬೇಕಿತ್ತು. ಡಿಸ್ಕ್ ತಯಾರಕರು ತಮ್ಮ ಲೆಕ್ಕಕ್ಕೆ ಬಳಸಬಹುದಾದದ್ದು ತಲಾ 16 ಬಿಟ್‌ಗಳ 16 ರಿಜಿಸ್ಟರ್‌ಗಳು. ಒಟ್ಟು 32 ಬೈಟ್. ಹೋಲಿಕೆಗೆ ಹೇಳುವುದಾದರೆ, ಯುನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ‘ಸಿನಿಮಾ’ ಎಂಬ ಒಂದು ಪದಕ್ಕೇ 18 ಬೈಟ್ ಬೇಕು! ಆದರೆ ಕೂಡುವುದು, ಹೋಲಿಸುವುದು, ಬೇರೆಡೆಗೆ ಹಾರುವುದು, ಯಾದೃಚ್ಛಿಕ ಸಂಖ್ಯೆ ಪಡೆಯುವುದು, ಇವಕ್ಕೆಲ್ಲ ಆದೇಶಗಳಿದ್ದವು.

ಆಟಕ್ಕೆ ಇಷ್ಟು ಸಾಕಾಯಿತು. 1998ರಲ್ಲಿ ಡಿಜಿಟಲ್ ಲೀಷರ್ ಸಂಸ್ಥೆ ‘ಡ್ರ್ಯಾಗನ್ಸ್ ಲೇರ್’ ಅನ್ನು ಡಿವಿಡಿಗೆ ತಂದಿತು. ಇಂಥ ಡಿಸ್ಕ್‌ಗಳಲ್ಲಿ ಓಡುವ ಚಿತ್ರದ ಮೇಲೆ ಕಣ್ಣಿಗೆ ಕಾಣದ ಮೆನು ಗುಂಡಿಗಳನ್ನು ಕೆಲವೇ ಕ್ಷಣ ಇಡಬಹುದು. ಆ ಅವಧಿಯಲ್ಲಿ ರಿಮೋಟಿನ ಸರಿಯಾದ ಬಾಣ ಒತ್ತಿದರೆ ಗೆಲುವಿನ ದೃಶ್ಯ. ಸುಮ್ಮನಿದ್ದರೆ ತುಣುಕಿನ ಕೊನೆಯಲ್ಲಿರುವ ಆದೇಶ ಸೋಲಿನ ದೃಶ್ಯಕ್ಕೆ ಒಯ್ಯುತ್ತದೆ. ರಸಪ್ರಶ್ನೆಯಾದರೆ ಕೇಳಿದ ಪ್ರಶ್ನೆಯನ್ನು ನೆನಪಿಡಲು ಒಂದು ಬಿಟ್ ಸಾಕು. ಅಂಕಗಳಿಗೂ ಇತರ ಲೆಕ್ಕಕ್ಕೂ ಎರಡು ರಿಜಿಸ್ಟರ್ ಬಿಟ್ಟರೂ 14 × 16 = 224 ಪ್ರಶ್ನೆಗಳ ಗುರುತು ಇಡಬಹುದು.

ಮಿತಿಗಳೂ ಇದ್ದವು. ಪ್ಲೇಯರ್ ಆರಿಸಿದರೆ ರಿಜಿಸ್ಟರ್‌ಗಳು ಖಾಲಿ. ಡಿಸ್ಕ್‌ನಲ್ಲಿ ಬರೆದಿಡುವಂತೆಯೂ ಇಲ್ಲ. 2002ರಲ್ಲಿ ಅಮೆರಿಕದಲ್ಲಿ ಬಂದ ‘ಸೀನ್ ಇಟ್?’ ಎಂಬ ಸಿನಿಮಾ ರಸಪ್ರಶ್ನೆಯ ಆಟದಲ್ಲಿ ಈ ತೊಡಕೇ ಇರಲಿಲ್ಲ. ಡಿಸ್ಕ್ ಪ್ರಶ್ನೆ ತೋರಿಸಿದರೆ, ಯಾರು ಎಷ್ಟು ಮುಂದಿದ್ದಾರೆ ಎಂಬುದನ್ನು ಮೇಜಿನ ಮೇಲಿನ ಹಲಗೆ ಮತ್ತು ಕಾಯಿಗಳು ಹೇಳುತ್ತಿದ್ದವು. ಯಂತ್ರಕ್ಕಿಲ್ಲದ ಸ್ಮೃತಿಯನ್ನು ನಮ್ಮ ಪಗಡೆಯಂಥ ಹಲಗೆ ಒದಗಿಸಿತು!

ಪ್ಲೇಯರನ್ನೇ ಬಲಪಡಿಸುವ ಪ್ರಯತ್ನವೂ ನಡೆಯಿತು. ವಿಎಂ ಲ್ಯಾಬ್ಸ್ ಕಂಪನಿಯ ‘ನುವಾನ್’ ಚಿಪ್ 2000ದಲ್ಲಿ ಸ್ಯಾಮ್‌ಸಂಗ್, ತೋಶಿಬಾಗಳ ಕೆಲವು ಪ್ಲೇಯರ್‌ಗಳಲ್ಲಿ ಬಂತು. ಅದು ಆಟದ ಚಿತ್ರಗಳನ್ನು ತಾನೇ ರಚಿಸಬಲ್ಲದಾಗಿತ್ತು. ಆದರೆ ಅದಕ್ಕಾಗಿ ಬರೆದ ಆಟ ಆ ಕೆಲವೇ ಪ್ಲೇಯರ್‌ಗಳಿಗೆ ಸೀಮಿತ. ಅದೇ ವರ್ಷ ಬಂದ ಪ್ಲೇಸ್ಟೇಷನ್-2 ಆಟವನ್ನೂ ಆಡಿಸುತ್ತಿತ್ತು, ಡಿವಿಡಿಯನ್ನೂ ತೋರಿಸುತ್ತಿತ್ತು. ನುವಾನ್‌ಗೆ ಬೆರಳೆಣಿಕೆಯಷ್ಟು ಆಟಗಳು ಬಂದವು. 2001ರ ಕೊನೆಗೆ ವಿಎಂ ಲ್ಯಾಬ್ಸ್ ದಿವಾಳಿಯಾಯಿತು.

ಬಲಶಾಲಿ ಚಿಪ್ ಸೋತು 32 ಬೈಟ್‌ಗಳ ಬಡ ಗಣಕ ಉಳಿದದ್ದು ಏಕೆ? ಅದು ಎಲ್ಲ ಪ್ಲೇಯರ್‌ಗಳಲ್ಲೂ ಇತ್ತು. ತಂತ್ರಜ್ಞಾನದ ಇತಿಹಾಸದಲ್ಲಿ ಎಲ್ಲರೂ ಒಪ್ಪಿದ ಸಾಧಾರಣ ಮಾನಕ, ಕೆಲವರಲ್ಲಷ್ಟೇ ಇರುವ ಉತ್ತಮ ಉಪಕರಣವನ್ನು ಹಿಂದಿಕ್ಕಬಲ್ಲದು. ಆ ಕಾಲ್ಪನಿಕ ಗಣಕವನ್ನು ಸ್ವತಂತ್ರ ತಂತ್ರಾಂಶದಲ್ಲಿ ಮರುಸೃಷ್ಟಿಸಿರುವುದರಿಂದಲೇ ಇಂದಿಗೂ ಡಿವಿಡಿ ಡ್ರೈವ್ ಇರುವ ಗಣಕದಲ್ಲಿ ವಿಎಲ್‌ಸಿಯಂಥ ತಂತ್ರಾಂಶ ಡಿವಿಡಿಯ ಮೆನುಗಳನ್ನು ಪಾಲಿಸುತ್ತದೆ.

ಶಿಕ್ಷಕರೇ, ಇದನ್ನು ತರಗತಿಯಲ್ಲಿ ಮಾಡಿ ನೋಡಿ. ಇಪ್ಪತ್ತು ಕಾರ್ಡುಗಳಲ್ಲಿ ಇಪ್ಪತ್ತು ದೃಶ್ಯ ಬರೆಯಿಸಿ. ಪ್ರತಿಯೊಂದರ ಕೆಳಗೆ ‘ಎಡಕ್ಕಾದರೆ 7, ಬಲಕ್ಕಾದರೆ 12’ ಎಂದು ಸೂಚಿಸಿ. ಕಪ್ಪು ಹಲಗೆಯ ಮೇಲೆ 16 ಚೌಕ ಬರೆದು ಅವನ್ನೇ ರಿಜಿಸ್ಟರ್ ಎನ್ನಿ. ಗಣಕವೇ ಇಲ್ಲದ ಶಾಲೆಯಲ್ಲೂ ನಿಮ್ಮ ವಿದ್ಯಾರ್ಥಿಗಳು ಒಂದು ಪ್ರೋಗ್ರಾಮ್ ರಚಿಸಿರುತ್ತಾರೆ.