ಗಾಯಾಳು ಸಿಪಾಯಿಯ ಕಾಗದಗಳು: ನೂರು ವರ್ಷಗಳ ಓದು

1915ರ ಏಪ್ರಿಲ್ 26. ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ನರು ಬಿಟ್ಟ ವಿಷಾನಿಲ ಭಾರತೀಯ ತುಕಡಿಗಳ ಮೇಲೆ ಕವಿಯಿತು. ಬ್ರಿಟಿಷ್ ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದ ಮೇಲೆ ಜಮಾದಾರ ಮೀರ್ ದಸ್ತ್ ಚದುರಿಹೋದ ಜನರನ್ನು ಒಟ್ಟುಗೂಡಿಸಿ, ಹಿಂದೆ ಸರಿಯುವ ಆಜ್ಞೆ ಬರುವವರೆಗೂ ನೆಲೆ ಬಿಡಲಿಲ್ಲ. ಗುಂಡಿನ ಸುರಿಮಳೆಯ ನಡುವೆಯೇ ಎಂಟು ಮಂದಿ ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾದ. ಇದಕ್ಕಾಗಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆದರೆ ಆ ಬೇಸಿಗೆಯಲ್ಲಿ ತನ್ನ ರೆಜಿಮೆಂಟಿನ ಗೆಳೆಯನಿಗೆ ಬರೆಸಿದ ಕಾಗದದಲ್ಲಿ ಅವನು ಹೇಳಿಕೊಂಡದ್ದು ಬೇರೆಯೇ. ಎಡಗೈಯ ಎರಡು ಬೆರಳುಗಳಿಗೆ ಶಕ್ತಿಯಿಲ್ಲ. ಪದಕವೇನೋ ದೊಡ್ಡದು, ಆದರೆ ಎದೆಯೊಳಗೆ ಹೊಕ್ಕ ಹೊಗೆ ಒಂದು ಗಳಿಗೆಯೂ ನೆಮ್ಮದಿ ಕೊಡುತ್ತಿಲ್ಲ.

ಸರ್ಕಾರಿ ದಾಖಲೆಯಲ್ಲಿ ಉಳಿದದ್ದು ಶೌರ್ಯ. ಗೆಳೆಯನಿಗೆ ತಲುಪಬೇಕಿದ್ದದ್ದು ನೋವು. ಇಂಥ ಕಾಗದಗಳನ್ನು ಓದುವ ಕ್ರಮ ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು. ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳು 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಬಂದಿಳಿದವು. ಗಾಯಗೊಂಡ ಸಾವಿರಾರು ಮಂದಿಯನ್ನು ಇಂಗ್ಲೆಂಡಿನ ಬ್ರೈಟನ್‌ಗೆ ಸಾಗಿಸಲಾಯಿತು. ಅಲ್ಲಿ ದೊರೆಗಳ ಹಳೆಯ ವಿಲಾಸಭವನ ರಾಯಲ್ ಪೆವಿಲಿಯನ್ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು. ಜಾತಿ ಧರ್ಮಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿಗಳು. ಅಲ್ಲಿ ತೀರಿಕೊಂಡ ಹಿಂದೂಗಳನ್ನೂ ಸಿಖ್ಖರನ್ನೂ ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದ ಛತ್ರಿ ಸ್ಮಾರಕ 1921ರಲ್ಲಿ ಅನಾವರಣಗೊಂಡಿತು. ಇಷ್ಟೆಲ್ಲ ಆರೈಕೆಯ ಹಿಂದೆ ಪ್ರಚಾರದ ಲೆಕ್ಕಾಚಾರವೂ ಇತ್ತು. ಚೆಂದದ ಗುಮ್ಮಟಗಳ ಕೆಳಗೆ ಮಲಗಿದ ಸಿಪಾಯಿಗಳ ಚಿತ್ರಗಳು ಭಾರತದಲ್ಲಿ ಹಂಚಿಕೆಯಾದವು.

ಸಿಪಾಯಿಗಳ ಕಾಗದಗಳನ್ನು ಮೊದಲು ಓದಿದವನು ಇತಿಹಾಸಕಾರನಲ್ಲ, ಸೆನ್ಸಾರ್ ಅಧಿಕಾರಿ. ಕ್ರಾಂತಿಕಾರಿ ಸಾಹಿತ್ಯ ಪಡೆಗಳೊಳಗೆ ನುಸುಳೀತೆಂಬ ಭಯದಿಂದ ಬ್ರಿಟಿಷರು ಭಾರತೀಯ ಟಪಾಲಿಗೆಂದೇ ಫ್ರಾನ್ಸಿನಲ್ಲಿ ಕಚೇರಿ ತೆರೆದು, ಇಂಡಿಯನ್ ಸಿವಿಲ್ ಸರ್ವಿಸ್‌ನ ಈವ್ಲಿನ್ ಹೊವೆಲ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಉರ್ದು, ಹಿಂದಿ, ಗುರುಮುಖಿಯ ಕಾಗದಗಳಿಂದ ಆಯ್ದ ಭಾಗಗಳು ಇಂಗ್ಲಿಷಿಗೆ ಇಳಿದು, ವಾರವಾರವೂ ವರದಿಯಾಗಿ ಮೇಲಿನವರಿಗೆ ಹೋಗುತ್ತಿದ್ದವು. ಹೊವೆಲ್ ಸೂಕ್ಷ್ಮ ಓದುಗ. ಸಿಪಾಯಿಗಳು ಇದ್ದಕ್ಕಿದ್ದಂತೆ ಪದ್ಯ ಬರೆಯತೊಡಗಿದ್ದನ್ನು ಅವರು ಮನಸ್ಸು ಕದಡಿರುವ ಲಕ್ಷಣವೆಂದು ಗುರುತಿಸಿದರು. ಆದರೂ ಅವರ ಕೆಲಸ ದುಃಖವನ್ನು ಅರಿಯುವುದಲ್ಲ, ಅಳೆಯುವುದು.

ಅಳೆಯುವಷ್ಟು ದುಃಖವೂ ಇತ್ತು. ಒಮ್ಮೆ ಗಾಯಗೊಂಡರೆ ಊರಿಗೆ ಕಳಿಸುತ್ತಾರೆ ಎಂದು ನಂಬಿದ್ದವರನ್ನು ಗಾಯ ಮಾಸಿದೊಡನೆ ಮತ್ತೆ ಕಂದಕಕ್ಕೆ ಅಟ್ಟುತ್ತಿದ್ದರು. ಆಸ್ಪತ್ರೆಯ ಕಾಗದಗಳಲ್ಲಿ ಈ ಅಳಲು ಪದೇ ಪದೇ ಬರುತ್ತದೆ. ಜೊತೆಗಿದ್ದವರಲ್ಲಿ ಯಾರು ಹೋದರು, ಯಾರು ಉಳಿದರು ಎಂಬ ಲೆಕ್ಕ; ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂಬ ಎಚ್ಚರಿಕೆ; ಕಂಡದ್ದಕ್ಕೆ ಬೇರೆ ಹೋಲಿಕೆ ಸಿಗದೆ ಮಹಾಭಾರತದ ಯುದ್ಧವನ್ನು ನೆನೆಯುವುದು. ಸೆನ್ಸಾರ್ ಇರುವುದು ಗೊತ್ತಿದ್ದ ಕೆಲವರು ಸಂಕೇತಗಳನ್ನೂ ಹೂಡಿದರು. ಕರಿಮೆಣಸು ಮುಗಿಯುತ್ತ ಬಂದಿದೆ ಎಂದರೆ ಭಾರತೀಯರು ಸಾಯುತ್ತಿದ್ದಾರೆ ಎಂದರ್ಥ; ಕೆಂಪುಮೆಣಸು ಎಂದರೆ ಬಿಳಿಯರು. ಬಹುಪಾಲು ಸಿಪಾಯಿಗಳಿಗೆ ಬರೆಯಲು ಬಾರದ್ದರಿಂದ ಹೇಳುವವನೊಬ್ಬ, ಬರೆಯುವವನು ಇನ್ನೊಬ್ಬ. ಊರಿನಲ್ಲೂ ಯಾರೋ ಓದಿ ಹೇಳಬೇಕು. ಗುಟ್ಟಿನ ಮಾತು ನಾಲ್ಕು ಜನರ ಬಾಯಿ ಕಿವಿ ದಾಟಿಯೇ ತಲುಪುತ್ತಿತ್ತು.

ಯುದ್ಧ ಮುಗಿದ ಮೇಲೆ ಆ ವರದಿಗಳು ಲಂಡನ್ನಿನ ಇಂಡಿಯಾ ಆಫೀಸ್ ಕಡತಗಳಲ್ಲಿ ಉಳಿದುಹೋದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಲ್ಕ್ ರಾಜ್ ಆನಂದ್ ಫ್ಲಾಂಡರ್ಸಿನ ಭಾರತೀಯ ಸಿಪಾಯಿಗಳ ಮೇಲೆ 'ಅಕ್ರಾಸ್ ದ ಬ್ಲ್ಯಾಕ್ ವಾಟರ್ಸ್' ಕಾದಂಬರಿ ಬರೆದರೂ, ಈ ಕಾಗದಗಳತ್ತ ವಿದ್ವಾಂಸರ ಗಮನ ಹೊರಳಿದ್ದು ಬಹಳ ತಡವಾಗಿ. ಸ್ವತಂತ್ರ ಭಾರತಕ್ಕೆ ಸಾಮ್ರಾಜ್ಯದ ಪರವಾಗಿ ಕಾದಿದವನು ಮುಜುಗರದ ನೆನಪಾಗಿದ್ದ. ಸೇನಾ ಇತಿಹಾಸಕಾರರಿಗಾದರೆ ಸಿಪಾಯಿಯ ಸ್ಥೈರ್ಯ ಕುಸಿದದ್ದು ಯಾಕೆ ಎಂಬ ಪ್ರಶ್ನೆ ಮುಖ್ಯವಾಯಿತು. ಅಂದರೆ ಅವರೂ ಸೆನ್ಸಾರ್ ಕೇಳಿದ್ದನ್ನೇ ಮತ್ತೆ ಕೇಳಿದರು.

ತಿರುವು ಬಂದದ್ದು 1999ರಲ್ಲಿ. ಡೇವಿಡ್ ಒಮಿಸ್ಸಿ ಆರುನೂರಕ್ಕೂ ಹೆಚ್ಚು ಕಾಗದಗಳನ್ನು ಸಂಪಾದಿಸಿ 'ಇಂಡಿಯನ್ ವಾಯ್ಸಸ್ ಆಫ್ ದ ಗ್ರೇಟ್ ವಾರ್' ಪ್ರಕಟಿಸಿದರು. ಮಾನ, ಜಾತಿ, ಫ್ರೆಂಚ್ ಹೆಂಗಸರು, ಹೊಲಮನೆ, ಸಾಲ, ಸಾವು ಎಲ್ಲವೂ ಒಂದೇ ಪುಸ್ತಕದಲ್ಲಿ ಸಾಮಾನ್ಯ ಓದುಗನ ಕೈಗೆ ಬಂದವು. ಈ ಕ್ಷೇತ್ರದಲ್ಲಿ ಮುಂದೆ ನಡೆದ ಎಲ್ಲ ಕೆಲಸವೂ ಒಂದಲ್ಲ ಒಂದು ರೀತಿ ಈ ಪುಸ್ತಕಕ್ಕೆ ಋಣಿ. ಆದರೆ ಅದರ ಮಿತಿಯನ್ನೂ ಮರೆಯುವಂತಿಲ್ಲ: ನಾವು ಓದುತ್ತಿರುವುದು ಸೆನ್ಸಾರ್ ಆಯ್ದ, ಸೆನ್ಸಾರ್ ಕಚೇರಿ ಅನುವಾದಿಸಿದ ತುಣುಕುಗಳನ್ನು. ಗಜೇಂದ್ರ ಸಿಂಗ್ 2014ರ ತಮ್ಮ ಪುಸ್ತಕದಲ್ಲಿ ಸಿಪಾಯಿಗಳ ಹೇಳಿಕೆಗಳನ್ನು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸಿದರು.

ಸಂತನು ದಾಸ್ ಹೊಸ ದಾರಿ ಹಿಡಿದರು. 2018ರ ಅವರ ಗ್ರಂಥ ಕಾಗದಗಳ ಜೊತೆಗೆ ಹಾಡು, ಚಿತ್ರ, ಡೈರಿ, ರಕ್ತದ ಕಲೆಯ ಕನ್ನಡಕ ಇವನ್ನೆಲ್ಲ ಒಟ್ಟಿಗೆ ಓದುತ್ತದೆ. ಮೆಸಪಟೋಮಿಯಾದಲ್ಲಿದ್ದ ಬಂಗಾಳಿ ವೈದ್ಯ ಕಲ್ಯಾಣ್ ಮುಖರ್ಜಿ ತಾಯಿಗೆ ಬರೆದ ಪತ್ರಗಳಲ್ಲಿ ಗಾಯಾಳುಗಳ ನಡುವಿನ ಬಳಲಿಕೆ ಮೆಲ್ಲಗೆ ಸಾಮ್ರಾಜ್ಯದ ಟೀಕೆಯಾಗಿ ತಿರುಗುತ್ತದೆ. ಅವರು ಕುಟ್ ಮುತ್ತಿಗೆಯಲ್ಲಿ ತುರ್ಕರ ಸೆರೆ ಸಿಕ್ಕಿ 1917ರಲ್ಲಿ ತೀರಿಕೊಂಡರು. ಪತ್ರಗಳು ಉಳಿದದ್ದು ಅಜ್ಜಿ ಮೋಕ್ಷದಾ ದೇವಿ ಬರೆದ ಜೀವನಚರಿತ್ರೆಯಿಂದ. ಅದೇ ರಣರಂಗದ ಶಿಶಿರ್ ಸರ್ಬಾಧಿಕಾರಿ ತಮ್ಮ ಡೈರಿಯ ಹಾಳೆಗಳನ್ನು ಬೂಟಿನೊಳಗೆ ಅಡಗಿಸಿ ಕಾಪಾಡಿಕೊಂಡಿದ್ದರು. ಕಡತದ ಸಿಪಾಯಿಗಿಂತ ಈ ಇಬ್ಬರ ಮಾತು ಹೆಚ್ಚು ಬಿಚ್ಚಿಕೊಳ್ಳುವುದು ಸಹಜ. ಓದುಬರಹ ಬಲ್ಲವರು ತಾವೇ ಬರೆದರು, ಮನೆಯವರು ಜೋಪಾನ ಮಾಡಿದರು.

ಬರಹದಿಂದ ದನಿಗೂ ಈ ಹುಡುಕಾಟ ಹಬ್ಬಿದೆ. ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್ ಸೆರೆ ಶಿಬಿರದಲ್ಲಿ ಜರ್ಮನ್ ಭಾಷಾಶಾಸ್ತ್ರಜ್ಞರು ಭಾರತೀಯ ಕೈದಿಗಳ ಮಾತನ್ನು ಧ್ವನಿಮುದ್ರಿಸಿದ್ದರು. 1916ರಲ್ಲಿ ಮಾಲ್ ಸಿಂಗ್ ಎಂಬ ಸಿಪಾಯಿ ಊರಿನ ಬೆಣ್ಣೆಯನ್ನೂ ಮರಳುವ ಹಂಬಲವನ್ನೂ ಹೇಳಿದ ಮುದ್ರಣವನ್ನು ಹಿಡಿದು ಫಿಲಿಪ್ ಶೆಫ್ನರ್ 2007ರಲ್ಲಿ 'ದ ಹಾಫ್‌ಮೂನ್ ಫೈಲ್ಸ್' ಚಿತ್ರ ಮಾಡಿದರು.

ಕನ್ನಡ ನಾಡಿನ ಸಿಪಾಯಿ ಎಲ್ಲಿ? ಮೈಸೂರು ಲ್ಯಾನ್ಸರ್ಸ್ ಕಾದಿದ್ದು ಈಜಿಪ್ಟ್, ಪ್ಯಾಲೆಸ್ತೀನಿನಲ್ಲಿ. 1918ರ ಸೆಪ್ಟೆಂಬರ್ 23ರ ಹೈಫಾ ಗೆಲುವಿನಲ್ಲಿ ಜೋಧಪುರದವರ ಜೊತೆ ಅವರಿದ್ದರು. ಹೀಗಾಗಿ ಫ್ರಾನ್ಸಿನ ಟಪಾಲು ಕಡತ ಅವರನ್ನು ಹುಡುಕುವ ಜಾಗವಲ್ಲ. ಆ ಕಡತದ ತುಂಬ ಪಂಜಾಬ್ ಮತ್ತು ವಾಯವ್ಯ ಗಡಿಯ ಜನರೇ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ 25 ಲಕ್ಷ ಮುಟ್ಟಿದಾಗ ಸ್ಥಿತಿ ಬದಲಾಯಿತು. ಬಳ್ಳಾರಿ, ದಕ್ಷಿಣ ಕನ್ನಡಗಳನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದಿಂದ ದೊಡ್ಡ ಸಂಖ್ಯೆಯಲ್ಲಿ ಜನ ಸೇರಿದರು; ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದೂರದ ರಣರಂಗಗಳಿಗೆ ಹೋಯಿತು. ರಘು ಕಾರ್ನಾಡ್ 2015ರಲ್ಲಿ ತಮ್ಮ ಕುಟುಂಬದ ಮೂವರು ತರುಣರ ಜಾಡು ಹಿಡಿದು 'ಫಾರ್ದೆಸ್ಟ್ ಫೀಲ್ಡ್' ಬರೆದರು. ದಿಯಾ ಗುಪ್ತಾ 2023ರ ಪುಸ್ತಕದಲ್ಲಿ ಆ ಯುದ್ಧದ ಸೆನ್ಸಾರ್ ವರದಿಗಳನ್ನೂ ಪತ್ರಗಳನ್ನೂ ಭಾವನೆಗಳ ಇತಿಹಾಸವಾಗಿ ಓದಿದ್ದಾರೆ. ದಕ್ಷಿಣದ ಸಿಪಾಯಿಯನ್ನು ಹುಡುಕಹೊರಟ ಕನ್ನಡದ ಸಂಶೋಧಕರು ಮೊದಲು ಬಿಚ್ಚಬೇಕಾದದ್ದು ಈ ಎರಡನೆಯ ಯುದ್ಧದ ಕಡತಗಳನ್ನೇ.