ರಕ್ತದ ಗುಂಪು ಹೊಂದಿದರೆ ಯಾರು ಬೇಕಾದರೂ ಲಿವರ್ ಕೊಡಬಹುದೇ? ಫಾರ್ವರ್ಡ್ ಹೇಳದ ರಕ್ತನಾಳಗಳ ವಿಷಯ

‘ಲಿವರ್ ಕತ್ತರಿಸಿ ಕೊಟ್ಟರೂ ಮತ್ತೆ ಬೆಳೆಯುತ್ತದೆ, ರಕ್ತದ ಗುಂಪು ಹೊಂದಿದರೆ ಸಾಕು, ಮನೆಯಲ್ಲಿ ಯಾರು ಬೇಕಾದರೂ ಕೊಡಬಹುದು’ ಎಂಬ ಸಂದೇಶ ನಿಮಗೂ ಬಂದಿರಬಹುದು. ಬೆಳೆಯುವುದು ನಿಜ. ಆದರೆ ಬೆಳೆಯುವುದು ಉಳಿದ ಭಾಗದ ಗಾತ್ರ ಮಾತ್ರ. ಕತ್ತರಿಸಿದ ಭಾಗವಾಗಲಿ ಅದರ ರಕ್ತನಾಳಗಳಾಗಲಿ ಮೊದಲಿನಂತೆ ಮರಳಿ ಹುಟ್ಟುವುದಿಲ್ಲ. ‘ರಕ್ತದ ಗುಂಪು ಸಾಕು’ ಎಂಬುದಂತೂ ತಪ್ಪು. ಅದನ್ನೇ ನಂಬಿ ಧಾರೇಶ್ವರದಂಥ ಊರಿನಿಂದ ಬೆಂಗಳೂರಿನವರೆಗೆ ಹೋದ ಕುಟುಂಬಕ್ಕೆ ಸ್ಕ್ಯಾನ್ ಬಳಿಕ ‘ಇವರದ್ದು ಆಗುವುದಿಲ್ಲ’ ಎಂದರೆ ಆಘಾತವಾಗುವುದು ಸಹಜ.

ಲಿವರಿಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳು, ಗುಲ್ಮಗಳಿಂದ ಪೋರ್ಟಲ್ ಅಭಿಧಮನಿಯಲ್ಲಿ, ಉಳಿದದ್ದು ಅಪಧಮನಿಯಲ್ಲಿ. ಹೊರಹೋಗುವುದು ಬಲ, ನಡು, ಎಡ ಎಂಬ ಮೂರು ಮುಖ್ಯ ಅಭಿಧಮನಿಗಳಲ್ಲಿ. ಇವು ಹೃದಯದ ಕೆಳಗೆ ಮಹಾ ಅಭಿಧಮನಿಯನ್ನು ಸೇರುತ್ತವೆ. ಫ್ರಾನ್ಸಿನ ಕ್ಲೋಡ್ ಕ್ವಿನೋ 1957ರಲ್ಲಿ ಲಿವರನ್ನು 8 ಭಾಗಗಳಾಗಿ ವಿಂಗಡಿಸಿದ್ದು ಈ ನಾಳಗಳನ್ನು ಆಧರಿಸಿಯೇ. ಹೊರಗಿನಿಂದ ನೋಡಿದರೆ ಆ ಗಡಿಗಳು ಕಾಣುವುದಿಲ್ಲ.

ಪಠ್ಯಪುಸ್ತಕದ ಚಿತ್ರ ಇಷ್ಟೇ. ಮನುಷ್ಯರು ಹಾಗಿಲ್ಲ. ಧಾರೇಶ್ವರದ ಉತ್ತರಕ್ಕೆ ಅಘನಾಶಿನಿ, ದಕ್ಷಿಣಕ್ಕೆ ಶರಾವತಿ, ಎರಡೂ ತಮ್ಮ ತಮ್ಮ ಅಳಿವೆಯಲ್ಲೇ ಸಮುದ್ರ ಸೇರುತ್ತವೆ. ಲಿವರಿನ ನಡು ಮತ್ತು ಎಡ ಅಭಿಧಮನಿಗಳು ಹೆಚ್ಚಿನವರಲ್ಲಿ ಹಾಗಲ್ಲ. ಮೊದಲೇ ಕೂಡಿ ಒಂದೇ ಬಾಯಿಂದ ಮಹಾ ಅಭಿಧಮನಿಗೆ ಇಳಿಯುತ್ತವೆ. ಕೆಲವರಲ್ಲಿ ಬಲಭಾಗದ ಕೆಳಗಿನಿಂದ ಇನ್ನೊಂದು ನಾಳ ನೇರವಾಗಿ ಹೊರಡುತ್ತದೆ. ಒಳಗೆ ಬರುವ ಪೋರ್ಟಲ್ ನಾಳ ಸಾಮಾನ್ಯವಾಗಿ ಎರಡಾಗಿ ಕವಲೊಡೆಯುತ್ತದೆ, ಕೆಲವರಲ್ಲಿ ಒಂದೇ ಕಡೆ ಮೂರಾಗುತ್ತದೆ. ಇಂಥವರು ಆರೋಗ್ಯವಾಗಿಯೇ ಇರುತ್ತಾರೆ. ಸ್ಕ್ಯಾನ್ ಮಾಡಿಸದಿದ್ದರೆ ಅವರಿಗೆ ಇದು ಜೀವನವಿಡೀ ತಿಳಿಯುವುದೂ ಇಲ್ಲ.

ಇದು ಮುಖ್ಯವಾಗುವುದು ಕತ್ತರಿ ಇಡುವಾಗ. ವಯಸ್ಕ ರೋಗಿಗೆ ಸಾಮಾನ್ಯವಾಗಿ ದಾನಿಯ ಬಲಭಾಗ ಬೇಕಾಗುತ್ತದೆ. ಕತ್ತರಿಸುವ ಗೆರೆ ನಡು ಅಭಿಧಮನಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ನಾಳವನ್ನು ದಾನಿಗೇ ಬಿಟ್ಟರೆ, ಕೊಟ್ಟ ಭಾಗದಲ್ಲಿ ಅದಕ್ಕೆ ಸೇರುತ್ತಿದ್ದ ಕವಲುಗಳ ರಕ್ತಕ್ಕೆ ದಾರಿಯಿಲ್ಲದೆ ಅಲ್ಲಿ ಬಾವು ಬರಬಹುದು. ಹಾಗಾಗಿ ದೊಡ್ಡ ಕವಲುಗಳನ್ನು ಬೇರೆ ನಾಳದ ತುಂಡು ಬಳಸಿ ಜೋಡಿಸುತ್ತಾರೆ. ಪೋರ್ಟಲ್ ನಾಳ ಮೂರಾಗಿದ್ದರೆ ಬಲಭಾಗದಲ್ಲಿ ಒಂದರ ಬದಲು ಎರಡು ಬಾಯಿಗಳನ್ನು ಹೊಲಿಯಬೇಕಾಗಬಹುದು. ಇಂಥ ಬಹಳಷ್ಟು ವ್ಯತ್ಯಾಸಗಳಿಗೆ ಶಸ್ತ್ರಚಿಕಿತ್ಸಕರಲ್ಲಿ ಉಪಾಯವಿದೆ. ಲಿವರಿನಲ್ಲಿ ಕೊಬ್ಬು ಹೆಚ್ಚಿದ್ದರೆ, ಅಥವಾ ದಾನಿಗೆ ಸುಮಾರು 30% ಭಾಗವೂ ಉಳಿಯದಂತಿದ್ದರೆ, ಬೇಡ ಎನ್ನುತ್ತಾರೆ. ಹಾಗೆನ್ನುವುದು ದಾನಿಯ ಜೀವ ಉಳಿಸಲಿಕ್ಕೆ.

ಕಾನೂನಿನ ಮಾತೂ ಇದೆ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಹತ್ತಿರದ ಸಂಬಂಧಿಕರಲ್ಲದವರು ಕೊಡಬೇಕಾದರೆ ಸಮಿತಿಯ ಅನುಮತಿ ಬೇಕು.

ಇನ್ನೊಂದು ಗೊಂದಲ: ವರದಿಯಲ್ಲಿ ‘ವೇರಿಯಂಟ್ ಅನಾಟಮಿ’ ಎಂದಿದ್ದರೆ ಅದು ಹುಟ್ಟಿನಿಂದ ಬಂದ ರಚನೆಯ ವ್ಯತ್ಯಾಸ, ಕಾಯಿಲೆಯಲ್ಲ, ಅದಕ್ಕೆ ಔಷಧವೂ ಇಲ್ಲ, ಕಷಾಯವೂ ಬೇಡ. ‘ಥ್ರಾಂಬೋಸಿಸ್’ ಎಂದಿದ್ದರೆ ವಿಷಯ ಬೇರೆ, ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ಕೂಡಲೇ ವೈದ್ಯರನ್ನು ಕಾಣಬೇಕು. ದಾನ ಆಗಲಿ, ಆಗದಿರಲಿ, ಸ್ಕ್ಯಾನಿನ ಸಿಡಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ಮುಂದೆಂದಾದರೂ ಲಿವರಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ.